ಕಚ್ಚಿಕೊಂಡ ಕೂವೆ

ಕೂವೆಯೆಂದೊಡನೆ ಇಂದಿನ ವಿದ್ಯಾರ್ಥಿಗಳ ನೆನಪಿಗೆ ಬರುವುದು ಕೂವೆಯ ಹಿಟ್ಟು. ಹೊಟ್ಟೆ ಕೆಟ್ಟಾಗ ಅಜ್ಜಿಯರು ಕಾಸಿ ಕುಡಿಸುತ್ತಿದ್ದ ಆ ಬಿಳಿಯ ಗಂಜಿಗೂ ನಾನು ಹೇಳಹೊರಟಿರುವ ಕೂವೆಗೂ ಹೆಸರಿನ ಹೊರತು ಬೇರೆ ನಂಟಿಲ್ಲ. ನನ್ನ ಕೂವೆ ಹಡಗಿನದು. ಹಾಯಿಯನ್ನು ಹೊತ್ತು ನಿಲ್ಲುವ ಕಂಬ. ತಮಿಳಿನಲ್ಲಿ ಅದು ಕೂಂಬು. ಉತ್ತರಕ್ಕೆ ಸರಿದು ಮರಾಠಿಯ ಸೀಮೆಯನ್ನು ಹೊಕ್ಕರೆ ಅದೇ ಡೋಲಕಾಠಿಯಾಗುತ್ತದೆ. ತೂಗಾಡುವ ಕೋಲೆಂಬ ಆ ಹೆಸರನ್ನು ಇಟ್ಟವರು ಅಲೆಯ ಮೇಲಿನ ಹಡಗನ್ನು ಕಣ್ಣಾರೆ ಕಂಡವರೇ ಇರಬೇಕು. ಸಂಸ್ಕೃತದಲ್ಲಿ ಕೂಪಕವೆನ್ನುತ್ತಾರೆ. ಅಮರಸಿಂಹನು ತನ್ನ ಕೋಶದಲ್ಲಿ ಕೂಪಕದ ಜೊತೆಗೆ ಗುಣವೃಕ್ಷಕವೆಂಬ ಇನ್ನೊಂದು ಸೊಗಸಾದ ಹೆಸರನ್ನು ಸೇರಿಸಿದ್ದಾನೆ: ಹಗ್ಗಗಳ ಮರ! ಕೂಪವೆಂದರೆ ಗುಳಿ, ಬಾವಿ ಎಂಬುದು ಎಲ್ಲರೂ ಬಲ್ಲ ಅರ್ಥ. ಅದೇ ಮಾತಿಗೆ ಹಡಗಿನ ಕಂಬವೆಂಬ ಅರ್ಥವೂ ಉಂಟು. ಗುಳಿಗೂ ಗುಳಿಯಲ್ಲಿ ನಿಲ್ಲುವ ಕಂಬಕ್ಕೂ ಒಂದೇ ಮಾತು ಸಾಲುವುದೆಂದು ಯಾರು ಎಣಿಸಿದರೋ ಕಾಣೆ. ಪಂಡಿತರು ಈ ಎರಡು ಅರ್ಥಗಳಿಗೆ ಎರಡು ಬೇರುಗಳನ್ನು ಹುಡುಕಿಯಾರು. 2023ರ ನವೆಂಬರಿನಲ್ಲಿ ಹೊನ್ನಾವರದ ಬಳಿ ಶರಾವತಿಯ ದಂಡೆಯ ಮೇಲೆ ಒಂದು ವಾರವನ್ನು ಕಳೆದ ನನಗಂತೂ ಆ ಎರಡನ್ನೂ ಬೇರ್ಪಡಿಸುವ ಕೆಲಸ ನಿಘಂಟಿನಲ್ಲಿ ಆದಷ್ಟು ಸುಲಭವಾಗಿ ದೋಣಿಯಲ್ಲಿ ಆಗುವುದಿಲ್ಲವೆಂದು ಮನವರಿಕೆಯಾಗಿದೆ.

ಕೂವೆಯನ್ನು ನಿಲ್ಲಿಸುವುದರಷ್ಟೇ ಇಳಿಸುವುದೂ ನಾವಿಕರ ವಿದ್ಯೆಯ ಭಾಗ. ಪುರನಾನೂರಿನ ಒಂದು ಹಾಡಿನಲ್ಲಿ ಕೂಂಬನ್ನೂ ಮೇಲಣ ಹಾಯಿಯನ್ನೂ ತೆಗೆಯದೆಯೇ ನದಿಯ ಮುಖವನ್ನು ಹೊಕ್ಕ ದೊಡ್ಡ ಹಡಗೊಂದರ ಮಾತು ಬರುತ್ತದೆ. ಅದನ್ನು ಕವಿ ವಿಶೇಷವೆಂದು ಹೇಳಿರುವುದರಿಂದಲೇ, ಉಳಿದ ರೇವುಗಳಲ್ಲಿ ಕೂವೆಯನ್ನು ಕಳಚಿ ಒಳಗೆ ಬರುವುದು ವಾಡಿಕೆಯಾಗಿತ್ತೆಂದು ಊಹಿಸಬಹುದಷ್ಟೆ. ಯಜ್ಞಶ್ರೀ ಶಾತಕರ್ಣಿಯ ನಾಣ್ಯಗಳ ಮೇಲೆ ಎರಡು ಕೂವೆಗಳ ಹಡಗಿನ ಚಿತ್ರವಿದೆ; ಕೂವೆಯಿಂದ ಇಳಿಬಿಟ್ಟ ಹಗ್ಗಗಳೂ ಅದರಲ್ಲಿ ಕಾಣುತ್ತವೆ. ಗುಣವೃಕ್ಷವೆಂಬ ಹೆಸರಿಗೆ ಇದಕ್ಕಿಂತ ಒಳ್ಳೆಯ ಟೀಕೆ ಬೇಕಾಗಿಲ್ಲ.

ನಮ್ಮ ಕರಾವಳಿಯ ಪತ್ತೇಮಾರಿ, ಮಚವೆಗಳಲ್ಲಿ ಕೂವೆಯ ಬುಡ ದೋಣಿಯ ಅಡಿಮರದ ಮೇಲೆ ಕೊರೆದ ಗುಣಿಯಲ್ಲಿ ಕೂರುತ್ತಿತ್ತು, ನಡುವೆ ಒಂದು ಅಡ್ಡದಿಮ್ಮಿಯ ಆಸರೆ, ಸುತ್ತ ಬಡಿದ ಬೆಣೆಗಳು, ಇಕ್ಕೆಲಗಳಲ್ಲಿ ಬಿಗಿಹಗ್ಗ. ಪತ್ತೇಮಾರಿಯ ಕೂವೆ ನೆಟ್ಟಗೆ ನಿಲ್ಲದೆ ಮೂತಿಯ ಕಡೆಗೆ ತುಸು ಬಾಗಿ ನಿಲ್ಲುವುದು ಅದರ ಗುರುತು. ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆಳೆದು, ಕೂವೆಯನ್ನು ಕಳಚಿ, ಮಡಲಿನ ಚಪ್ಪರವನ್ನು ಹೊದಿಸಿಬಿಟ್ಟರೆ ಮೂರು ತಿಂಗಳು ನಿಶ್ಚಿಂತೆ. ಯಾರಾದರೂ ಸೋಮಾರಿತನದಿಂದ ಕೂವೆಯನ್ನು ಹಾಗೆಯೇ ಬಿಟ್ಟರೆ ಮರ ನೀರು ಕುಡಿದು ಉಬ್ಬಿ ಗುಣಿಯನ್ನು ಕಚ್ಚಿಕೊಳ್ಳುತ್ತಿತ್ತು. ಆಗಲೂ ಅದಕ್ಕೆ ಮದ್ದು ಮಾಡಬೇಕಾದವನು ಮನುಷ್ಯನಲ್ಲ, ಸೂರ್ಯ. ನಾಲ್ಕು ದಿನ ಬಿಸಿಲು ಬಿದ್ದರೆ ಮರ ಕುಡಿದದ್ದನ್ನು ಕಕ್ಕಿ ತಾನಾಗಿ ಸಡಿಲುತ್ತಿತ್ತು.

ಈಗ ನಾನು ಹೇಳಬೇಕಾದ ದೋಣಿ ಮರದ್ದಲ್ಲ. ಕೆನಡಾ ದೇಶದ ಬ್ರೂಸ್ ಕರ್ಬಿ ಎಂಬಾತ 1969ರಲ್ಲಿ, ಕಾರಿನ ತಲೆಯ ಮೇಲೆ ಹೇರಿಕೊಂಡು ಹೋಗಬಹುದಾದ ಒಂದು ಪುಟ್ಟ ಹಾಯಿದೋಣಿಯ ಚಿತ್ರವನ್ನು ಕಾಗದದ ಮೇಲೆ ಗೀಚಿದ. 1971ರಲ್ಲಿ ನ್ಯೂಯಾರ್ಕಿನ ದೋಣಿಗಳ ಪ್ರದರ್ಶನದಲ್ಲಿ ಅದು ಲೇಸರ್ ಎಂಬ ಹೆಸರಿನಿಂದ ಲೋಕದ ಮುಂದೆ ಬಂತು. 1996ರಲ್ಲಿ ಒಲಿಂಪಿಕ್ ಪಂದ್ಯಕ್ಕೆ ಸೇರಿತು. 2019ರಿಂದೀಚೆಗೆ ಐಎಲ್‌ಸಿಎ ಎಂಬ ಹೊಸ ಹೆಸರಿನಿಂದ ಓಡುತ್ತಿದೆ. ದಂಡೆಯ ಮೇಲಿನ ಜನ ಇನ್ನೂ ಲೇಸರ್ ಎಂದೇ ಕರೆಯುತ್ತಾರೆ. ಉದ್ದ ನಾಲ್ಕೂಕಾಲು ಮೀಟರು, ಒಡಲಿನ ತೂಕ 59 ಕಿಲೋ, ಒಬ್ಬನೇ ಆಳು, ಒಂದೇ ಹಾಯಿ. ದೊಡ್ಡ ಹಾಯಿಯ ವಿಸ್ತಾರ ಸುಮಾರು 7 ಚದರ ಮೀಟರು. ಹಗುರ ಮೈಯವರಿಗೆಂದು 5.76 ಚದರ ಮೀಟರಿನದೊಂದು, ಅದಕ್ಕೂ ಚಿಕ್ಕದು ಇನ್ನೊಂದು, ಹೀಗೆ ಮೂರು ತರ.

ಇದರ ಕೂವೆಗೆ ಬಿಗಿಹಗ್ಗವೇ ಇಲ್ಲ. ಅಮರಸಿಂಹ ಕಂಡಿದ್ದರೆ ಗುಣವೃಕ್ಷವೆಂಬ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದನೋ ಏನೋ! ಎರಡು ಅಲ್ಯುಮಿನಿಯಂ ಕೊಳವೆಗಳು. ಮೇಲಿನದು ಕೆಳಗಿನದರ ಬಾಯೊಳಗೆ ಇಳಿಯುತ್ತದೆ. ಕೆಳಗಿನದು ದೋಣಿಯ ಮೈಯಲ್ಲಿರುವ ಗುಣಿಯೊಳಗೆ, ಒಂದು ಮೊಳಕ್ಕೂ ಕಡಿಮೆ ಆಳಕ್ಕೆ, ಇಳಿಯುತ್ತದೆ. ಹಾಯಿಯನ್ನು ಅಂಗಿಯ ತೋಳಿನಂತೆ ಕೂವೆಗೆ ತೊಡಿಸುತ್ತಾರೆ. ಆ ಗುಣಿಯೂ ಒಂದು ಕೊಳವೆಯೇ, ಆದರೆ ಫೈಬರ್‌ಗ್ಲಾಸಿನದು, ತಳ ಮುಚ್ಚಿದ್ದು, ಮೇಲೆ ದೋಣಿಯ ಹಾಸಿಗೂ ಕೆಳಗೆ ಅಡಿಗೂ ಅಂಟಿಸಿದ್ದು. ಗಾಳಿ ಬೀಸಿದಾಗ ಹಾಯಿಯ ಎಳೆತವೆಲ್ಲ ಈ ಅಂಗೈಯಗಲದ ಅಂಟಿನ ಮೇಲೆ ಬೀಳುತ್ತದೆ. ದೋಣಿಯ ಪ್ರಾಣವಿರುವುದು ಇಲ್ಲಿ. ಇದು ಕಿತ್ತರೆ ಪೊಳ್ಳಾದ ಒಡಲೊಳಗೆ ನೀರು ನುಗ್ಗುತ್ತದೆ; ಮೇಲ್ಹಾಸನ್ನು ಕೊಯ್ದು ಒಳಗಿನಿಂದ ಕಟ್ಟುವ ಕುಶಲರು ಸಿಕ್ಕದಿದ್ದರೆ ಆ ದೋಣಿ ಹೂವಿನ ತೊಟ್ಟಿಯಾಗುವುದಕ್ಕೆ ಮಾತ್ರ ಯೋಗ್ಯ. ಇನ್ನೊಂದು ಮಾತು: ಈ ಕೂವೆ ತನ್ನ ಗುಣಿಯಲ್ಲಿ ಸುತ್ತುತ್ತಿರಬೇಕು. ಹಾಯಿ ಎಡಕ್ಕೆ ಹೊರಳಿದರೆ ಕೂವೆಯೂ ಎಡಕ್ಕೆ ಹೊರಳುತ್ತದೆ. ನಿಂತಲ್ಲೇ ತಿರುಗುವ ಕಂಬವಿದು, ಬೇರೂರುವ ಮರವಲ್ಲ. ಮುಂದೆ ಇದು ನಮ್ಮ ಉಪಯೋಗಕ್ಕೆ ಬಂತು.

ನಮ್ಮ ಕಾಲೇಜಿನ ಹುಡುಗರ ಜಲಕ್ರೀಡಾ ಬಳಗಕ್ಕೆ ಇಂಥದೊಂದು ಹಳೆಯ ದೋಣಿ ದಾನವಾಗಿ ಬಂತು. ಕನ್ನಡದ ಅಧ್ಯಾಪಕನಿಗೂ ಜಲಕ್ರೀಡೆಗೂ ಏನು ಸಂಬಂಧವೆಂದು ಕೇಳುವ ಸಹೋದ್ಯೋಗಿಗಳಿಗೆ ನಾನು ಕೊಡುವ ಉತ್ತರ ಇಷ್ಟೆ: ಕಾಲೇಜಿನಲ್ಲಿ ಈಜು ಬಲ್ಲ ಅಧ್ಯಾಪಕ ನಾನೊಬ್ಬನೇ. ದೋಣಿಯನ್ನು ಕೊಟ್ಟವರು ಉದಾರಿಗಳು. ಉದಾರತೆಗೆ ಕಾರಣವೂ ಇತ್ತು. ಆ ವರ್ಷದ ಮಳೆಗಾಲವನ್ನೆಲ್ಲ ದೋಣಿ ಗಾಳಿಮರಗಳ ಕೆಳಗೆ, ಉಸುಬಿನ ಮೇಲೆ, ಕೆಳಗಿನ ಕೂವೆಯನ್ನು ನೆಟ್ಟುಕೊಂಡೇ ಕಳೆದಿತ್ತು. ಕೂವೆ ಈಗ ಬಾರದು, ತಿರುಗದು. ಹತ್ತಿರದ ಹಿನ್ನೀರಿನಿಂದ ನಮ್ಮ ದಂಡೆಯವರೆಗೆ ಅದನ್ನು ನೀರಿನ ಮೇಲೆಯೇ ಎಳೆದು ತಂದೆವು.

ನೀರಿನ ಮೇಲೆ ತಂದದ್ದನ್ನು ದಾರಿಯ ಮೇಲೆ ಒಯ್ಯುವುದು ಹೇಗೆ? ಇದೇ ನಮ್ಮ ಸಂಕಟ. ಪಿಯುಸಿ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಕಿರಿಯರ ಆಯ್ಕೆಯ ಪಂದ್ಯಕ್ಕೆ ಹೆಸರು ಕೊಟ್ಟಿದ್ದಳು. ಆ ವರ್ಷ ತಪ್ಪಿದರೆ ವಯಸ್ಸಿನ ಮಿತಿ ದಾಟಿಹೋಗುತ್ತಿತ್ತು. ಅಪ್ಪ ಮೀನುಗಾರಿಕೆಯ ದೋಣಿಯಲ್ಲಿ ಕೂಲಿ. ತಾಯಿ ಬುಟ್ಟಿ ಹೊತ್ತು ಮೀನು ಮಾರುವವಳು. ಎರವಲು ದೋಣಿಯಲ್ಲಿ ಎರಡು ವರ್ಷ ಕಲಿತವಳು. ಆ ಸೆಪ್ಟೆಂಬರಿನಲ್ಲಷ್ಟೇ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಇದೇ ಜಾತಿಯ ದೋಣಿಗಳಲ್ಲಿ ಮಧ್ಯಪ್ರದೇಶದ ನೇಹಾ ಠಾಕೂರ್ ಬೆಳ್ಳಿಯನ್ನೂ ವಿಷ್ಣು ಸರವಣನ್ ಕಂಚನ್ನೂ ಗೆದ್ದಿದ್ದರು. ಕಡಲೇ ಇಲ್ಲದ ಸೀಮೆಯ ಹುಡುಗಿ ಬೆಳ್ಳಿ ತಂದಳೆಂಬ ವಾರ್ತೆ ಕಡಲ ಮಡಿಲಲ್ಲಿ ಹುಟ್ಟಿದ ಹುಡುಗಿಯನ್ನು ಸುಮ್ಮನೆ ಕೂರಗೊಡಿಸೀತೆ? ಪಂದ್ಯಕ್ಕೆ ಅವರವರ ದೋಣಿಯನ್ನು ಅವರವರೇ ತರಬೇಕು. ನಡುಮಧ್ಯದಲ್ಲಿ ಕಂಬ ನೆಟ್ಟ ದೋಣಿಯನ್ನು ಟೆಂಪೊದ ಮೇಲೆ ಕವುಚಿ ಹೇರುವುದು ಸಾಧ್ಯವಿರಲಿಲ್ಲ. ಹೊರಡಲು ಒಂಬತ್ತು ದಿನಗಳಿದ್ದುವು. ಹೊಸ ದೋಣಿಯ ಬೆಲೆ ಲಕ್ಷಗಳಲ್ಲಿ.

ಮೊದಲ ದಿನ ಬಲಾಢ್ಯರ ದಿನ. ವಾಲಿಬಾಲ್ ತಂಡದ ನಾಲ್ವರು ಹುಡುಗರು ಬಂದು, ಇಬ್ಬರು ದೋಣಿಯ ಮೇಲೆ ನಿಂತು, ಇಬ್ಬರು ಕೂವೆಯನ್ನು ತಬ್ಬಿ, ಮೇಲಕ್ಕೆ ಎಳೆದರು. ಕೂವೆಯ ಜೊತೆಗೆ ದೋಣಿಯೂ ಮೇಲೆದ್ದಿತು. ಹುಡುಗರಿಗೆ ಅದು ತಮಾಷೆ. ನನ್ನ ವಿದ್ಯಾರ್ಥಿನಿಯ ಮುಖ ಮಾತ್ರ ಬಿಳಿಚಿಕೊಂಡಿತು, ಗುಣಿಯ ಸುತ್ತಲಿನ ಹಾಸಿನಿಂದ ಒಂದು ಸಣ್ಣ ಚಟ್ ಎಂಬ ಸದ್ದು ಅವಳಿಗೆ ಕೇಳಿಸಿತ್ತು. ಅಲ್ಲಿಗೆ ಎಳೆಯುವ ಕಾರ್ಯಕ್ರಮ ಮುಗಿಯಿತು. ಕೂವೆಯ ಮೈಗೆ ರಿವೆಟ್ ಬಡಿದು ಕೂರಿಸಿದ ಒಂದೆರಡು ಕಬ್ಬಿಣದ ಕಿವಿಗಳುಂಟು. ಅವಕ್ಕೆ ಸಲಾಕೆ ಸಿಕ್ಕಿಸಿ ತಿರುಗಿಸೋಣವೆಂದು ಒಬ್ಬ ಹೇಳಿದ. ಆ ರಿವೆಟ್ಟುಗಳು ಅಂಥ ಹೊರೆಗೆ ಹುಟ್ಟಿದವಲ್ಲ. ಕಿತ್ತುಬಂದರೆ ಕೂವೆಗೇ ತೂತು. ಪೇಟೆಯಿಂದ ಕರೆತಂದ ಬೆಸುಗೆಯವನು ದೋಣಿಯನ್ನು ಸುತ್ತುವರಿದು ನೋಡಿ, ಗ್ಯಾಸಿನ ಬೆಂಕಿಯಿಂದ ಬುಡವನ್ನು ಕಾಯಿಸಿದರೆ ಬಿಟ್ಟುಕೊಳ್ಳುವುದೆಂದ. ಅದೂ ಆಗದಿದ್ದರೆ ಗರಗಸದಿಂದ ಹಾಸಿನ ಮಟ್ಟಕ್ಕೆ ಕೊಯ್ದುಬಿಡುವುದು. ಉಳಿದ ತುಂಡು ಒಳಗಿರಲಿ!

ಬೆಸುಗೆಯವನ ಮಾತಿನ ಹಿಂದೆ ಒಂದು ಪರಂಪರೆಯೇ ಇದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರ ಕಬ್ಬಿಣದ ಪಟ್ಟೆಯನ್ನು ತೊಡಿಸುವುದನ್ನು ಬಾಲ್ಯದಲ್ಲಿ ಕಂಡವರು ಬಲ್ಲರು. ಪಟ್ಟೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಚಕ್ರದ ಮೇಲೆ ಕೂರಿಸಿ, ನೀರೆರಚಿದರೆ ಅದು ಕುಗ್ಗಿ ಉಕ್ಕಿನ ಮುಷ್ಟಿಯಂತೆ ಬಿಗಿಯುತ್ತದೆ. ಆದರೆ ಅಲ್ಲಿ ಕಾಯಿಸುವುದು ಹೊರಗಿನದನ್ನು. ನಮ್ಮ ದೋಣಿಯಲ್ಲಿ ಲೋಹ ಇರುವುದು ಒಳಗೆ, ಹೊರಗಿನದು ಫೈಬರ್‌ಗ್ಲಾಸು. ಬೆಂಕಿ ಹಿಡಿದರೆ ಒಳಗಿನದು ಇನ್ನಷ್ಟು ಹಿಗ್ಗಿ ಇನ್ನಷ್ಟು ಕಚ್ಚುತ್ತದೆ. ಸುತ್ತಲಿನ ರಾಳ ಮೆತ್ತಗಾಗಿ ಅಂಟು ಬಿಡುತ್ತದೆ. ಕಮ್ಮಾರನ ವಿದ್ಯೆಯನ್ನು ಒಳಹೊರಗು ಮಾಡಿಕೊಳ್ಳದೆ ಪ್ರಯೋಗಿಸಿದ್ದರೆ ಆ ದಿನವೇ ದೋಣಿಗೆ ಕೊನೆಯ ನಮಸ್ಕಾರ ಹೇಳಬೇಕಾಗುತ್ತಿತ್ತು.

ಮರುದಿನ ನಿವೃತ್ತರಾದ ತಾಂಡೇಲರೊಬ್ಬರನ್ನು ಕರೆತಂದೆವು. ಎಪ್ಪತ್ತು ದಾಟಿದವರು, ಹಾಯಿಯ ಕಾಲದ ಕೊನೆಯನ್ನೂ ಎಂಜಿನ್ನಿನ ಕಾಲದ ಮೊದಲನ್ನೂ ಕಂಡವರು. ದೂರದಿಂದಲೇ ತೀರ್ಪು ಕೊಟ್ಟರು:

“ಮಾಸ್ತರರೇ, ಮಳೆನೀರು ಕುಡಿದ ಕಂಬ ಉಬ್ಬಿರ್ತದೆ. ನಾಲ್ಕು ದಿನ ಬಿಸಿಲಿಗೆ ಬಿಡಿ.”

“ಇದು ಮರವಲ್ಲ, ತಾಂಡೇಲರೇ.”

ಹತ್ತಿರ ಬಂದು ಬೆರಳ ಗೆಣ್ಣಿನಿಂದ ತಟ್ಟಿದರು. ಟಣ್ ಎಂದಿತು. “ಹೌದಲ್ಲ! ಇದು ಪಾತ್ರೆಯ ಲೋಹ.” ಸ್ವಲ್ಪ ಹೊತ್ತು ಸುಮ್ಮನಿದ್ದು, ದೋಣಿ ನೀರಿನಲ್ಲಿದ್ದಾಗ ಈ ಕಂಬ ತಿರುಗುತ್ತದೆಯೋ ನಿಂತಿರುತ್ತದೆಯೋ ಎಂದು ಹುಡುಗಿಯನ್ನು ಕೇಳಿದರು. ತಿರುಗುತ್ತದೆ ಎಂದಳು. “ಹಾಗಾದರೆ ಎಳೀಬೇಡಿ. ತಿರುಗೂದನ್ನ ಮೊದಲು ತಿರುಗಿಸಬೇಕು. ತಿರುಗಿದ ಮೇಲೆ ಬರೂದು ಕಷ್ಟವಲ್ಲ.” ಮರದ ವಿಷಯದಲ್ಲಿ ಅವರು ಹೇಳಿದ್ದು ಇಲ್ಲಿಗೆ ಸಲ್ಲಲಿಲ್ಲ, ಈ ಎರಡನೆಯ ಮಾತು ಮಾತ್ರ ಲಕ್ಷ ರೂಪಾಯಿಯದು.

ಕೂವೆ ಕಚ್ಚಿಕೊಂಡದ್ದೇಕೆ? ಕನ್ನಡದಲ್ಲಿ ನಾವು ಇಂಥದನ್ನು ‘ಕಚ್ಚಿಕೊಂಡಿದೆ’, ‘ಹಿಡಿದುಕೊಂಡಿದೆ’ ಎನ್ನುತ್ತೇವೆ. ಲೋಹಕ್ಕೆ ಹಲ್ಲನ್ನೂ ಕೈಯನ್ನೂ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಹೆಪ್ಪುಗಟ್ಟಿದೆಯೆಂಬ ಅರ್ಥದ ಮಾತುಂಟು. ಭೌತಿಕವಾಗಿ ನೋಡಿದರೆ ನಮ್ಮ ಮಾತೇ ಹೆಚ್ಚು ಸರಿ. ಅಲ್ಯುಮಿನಿಯಂ ಮೂಲತಃ ಬೇಗ ತುಕ್ಕು ಹಿಡಿಯುವ ಲೋಹ. ಗಾಳಿ ಸೋಕಿದೊಡನೆ ಮೈಮೇಲೆ ಅತಿ ತೆಳುವಾದ ಪೊರೆಯೊಂದನ್ನು ಹೊದೆದುಕೊಳ್ಳುವುದರಿಂದ ಬದುಕಿಕೊಂಡಿದೆ. ಕೂವೆಯ ಕೊಳವೆಗಳಲ್ಲಿ ಆ ಪೊರೆಯನ್ನು ವಿದ್ಯುತ್ತಿನಿಂದ ದಪ್ಪಗೊಳಿಸಿರುತ್ತಾರೆ. ಆನೊಡೈಸ್ ಮಾಡುವುದೆಂದು ಅದಕ್ಕೆ ಹೆಸರು. ಗುಣಿಯೊಳಗೆ ಬಿದ್ದ ಉಸುಬು, ಕೂವೆ ತಿರುಗಿದಾಗಲೆಲ್ಲ, ಸಾಣೆಯಂತೆ ಆ ಪೊರೆಯನ್ನು ಗೀಚುತ್ತದೆ. ಗೀಚಿದ ಜಾಗದಲ್ಲಿ ಉಪ್ಪುನೀರು ನಿಲ್ಲುತ್ತದೆ. ಇಕ್ಕಟ್ಟಿನಲ್ಲಿ ನಿಂತ ನೀರಿಗೆ ಹೊಸ ಗಾಳಿ ದೊರೆಯದು. ಆದ್ದರಿಂದ ಕಳೆದ ಪೊರೆಯನ್ನು ಲೋಹ ಮತ್ತೆ ಹೊದೆಯಲಾರದು. ಉಪ್ಪು ಲೋಹವನ್ನು ತಿನ್ನುತ್ತ ಹೋಗುತ್ತದೆ. ತಿಂದ ಲೋಹ ಬಿಳಿಯ ಹಿಟ್ಟಾಗುತ್ತದೆ. ಸ್ವಾರಸ್ಯವಿರುವುದು ಇಲ್ಲಿ: ಆ ಹಿಟ್ಟು ಹುಟ್ಟಿದ ಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಸವೆದರೆ ಸಡಿಲವಾಗಬೇಕಲ್ಲವೆ ಎಂದು ನಮ್ಮ ಲೋಕಾನುಭವ ಹೇಳುತ್ತದೆ. ಇಲ್ಲಿ ಸವೆದಷ್ಟೂ ಬಿಗಿ. ಕೂವೆ ತನ್ನನ್ನು ತಾನೇ ತಿಂದು, ತಿಂದದ್ದನ್ನು ಬೆಣೆಯಾಗಿ ತನ್ನ ಸುತ್ತಲೂ ಬಡಿದುಕೊಂಡಿತ್ತು. ಪತ್ತೇಮಾರಿಯ ಬೆಣೆಗಳನ್ನು ಬಡಗಿ ಬಡಿಯುತ್ತಿದ್ದ. ಇಲ್ಲಿ ಅದನ್ನು ಬಡಿದವರು ಕಡಲು ಮತ್ತು ಮಳೆಗಾಲದ ಪುರಸೊತ್ತು.

ರೋಗದ ನಿದಾನವಾದ ಮೇಲೆ ಮದ್ದು ತೋಚದಿರುವುದಿಲ್ಲ. ಉಪ್ಪಿನ ಹರಳು ಸಿಹಿನೀರಿಗೆ ಕರಗುತ್ತದೆ. ಬಿಳಿಯ ಹಿಟ್ಟು ಹುಳಿಗೆ ಕರಗುತ್ತದೆ. ಉಸುಬು ಯಾವುದಕ್ಕೂ ಕರಗದು, ಅದನ್ನು ತೊಳೆದು ಹೊರತರಬೇಕು. ಕೂವೆಗೂ ಗುಣಿಯ ಬಾಯಿಗೂ ನಡುವೆ ಕಾಗದ ತೂರುವಷ್ಟು ಸಂದಿತ್ತು. ಅದರ ಸುತ್ತ ಮೇಣದ ಒಂದು ಕಟ್ಟೆಯನ್ನು ಕಟ್ಟಿ, ಹುಡುಗಿ ಎರಡು ದಿನ ಬೆಳಗೂ ಬೈಗೂ ಬಾವಿಯ ನೀರನ್ನು ತುಂಬಿದಳು. ನೀರು ನಿಧಾನವಾಗಿ ಒಳಗಿಳಿಯಿತು. ದೋಣಿಯನ್ನು ಹಳೆಯ ಟೈರುಗಳ ಮೇಲೆ ಪಕ್ಕಕ್ಕೆ ಹೊರಳಿಸಿ ಆ ನೀರನ್ನು ಬಸಿದಳು. ಬಸಿದದ್ದನ್ನು ನಾಲಗೆಗೆ ಹಚ್ಚಿ ನೋಡಿ, “ಸರ್, ಇನ್ನೂ ಉಪ್ಪಿದೆ” ಎಂದಳು. ಮೂರನೆಯ ಸಲ ಉಪ್ಪು ಕಡಿಮೆಯಾಯಿತು. ಆಮೇಲೆ ಉಪ್ಪಿನಕಾಯಿಗೆ ಹಾಕುವ ವಿನಿಗರನ್ನು ಬಿಸಿನೀರಿನೊಡನೆ ಬೆರೆಸಿ ಒಂದು ರಾತ್ರಿ ನಿಲ್ಲಿಸಿದೆವು. ಹಿತ್ತಾಳೆಯ ಕೊಡಕ್ಕೆ ಹುಣಸೆಹುಳಿ ತಿಕ್ಕುವ ತತ್ವವೇ ಇದು. ಹುಳಿಯನ್ನು ಹೆಚ್ಚು ಹೊತ್ತು ಬಿಡಬಾರದು; ಹಿಟ್ಟು ಮುಗಿದ ಮೇಲೆ ಅದು ಲೋಹಕ್ಕೇ ಬಾಯಿ ಹಾಕುತ್ತದೆ. ಬೆಳಿಗ್ಗೆ ಬಸಿದಾಗ ನೀರು ಸುಣ್ಣದ ತಿಳಿಯಂತೆ ಬೆಳ್ಳಗಿತ್ತು. ನಮಗೆ ಹಬ್ಬವೇ ಆಯಿತು. ಆದರೆ ಕೂವೆ ಅಲುಗಲಿಲ್ಲ.

ಐದು ದಿನಗಳು ಹೋಗಿದ್ದುವು. ಗರಗಸದ ಮಾತು ಮತ್ತೆ ಎದ್ದಿತು. ಹಾಸಿನ ಮಟ್ಟಕ್ಕೆ ಕೊಯ್ದರೆ ದೋಣಿಯನ್ನು ಹೇರಿಕೊಂಡೇನೋ ಹೋಗಬಹುದು. ಒಳಗಿನ ತುಂಡನ್ನು ತೆಗೆಯದೆ ಬೇರೆ ಕೂವೆಯನ್ನು ನೆಡುವುದೆಲ್ಲಿ? ಪಂದ್ಯಕ್ಕೆ ಬೇರೆಯವರಿಂದ ದೋಣಿಯನ್ನು ಬೇಡೋಣವೆಂದು ನಾನು ಹೇಳಿದೆ. ಹುಡುಗಿ ಒಪ್ಪಲಿಲ್ಲ, ಒಪ್ಪಲಿಲ್ಲವೆಂದು ಬಾಯಿಬಿಟ್ಟು ಹೇಳಲೂ ಇಲ್ಲ. ಬಕೆಟ್ಟನ್ನು ತೆಗೆದುಕೊಂಡು ಬಾವಿಗೆ ಹೋದಳು.

ಅಂದಿನ ಸಂಜೆ ಅವಳ ತಾಯಿ ಖಾಲಿ ಬುಟ್ಟಿಯೊಡನೆ ಪೇಟೆಯಿಂದ ಮರಳುವಾಗ ದಂಡೆಗೆ ಬಂದರು. ಮಗಳು ವಿಷಯವನ್ನು ವಿವರಿಸಿದಳು: ಒಳಗೊಂದು ಕೊಳವೆ, ಹೊರಗೊಂದು ಕೊಳವೆ, ಬಿಡುತ್ತಿಲ್ಲ. ತಾಯಿ ನನ್ನ ಕಡೆ ತಿರುಗಿ, “ಮಾಸ್ತರರೇ, ಲೋಟದೊಳಗೆ ಲೋಟ ಸಿಕ್ಕಿಕೊಂಡರೆ ನಿಮ್ಮನೇಲಿ ಏನು ಮಾಡ್ತಾರೆ? ಒಳಗಿಂದಕ್ಕೆ ತಣ್ಣೀರು ಹೊಯ್ಯೂದಲ್ಲವೋ?” ಎಂದರು. ನಮ್ಮ ಮನೆಯಲ್ಲೂ ಹಾಗೆಯೇ ಮಾಡುತ್ತಾರೆ: ಒಳಲೋಟಕ್ಕೆ ತಣ್ಣೀರು, ಹೊರಲೋಟಕ್ಕೆ ಬಿಸಿನೀರು. ಬೆಸುಗೆಯವನ ಬೆಂಕಿ ಸಲ್ಲದೆಂದು ನಾವು ಕಂಡುಕೊಂಡ ತರ್ಕದ ಇನ್ನೊಂದು ಮಗ್ಗುಲು ಅಡುಗೆಮನೆಯಲ್ಲಿ ದಿನವೂ ನಡೆಯುತ್ತಿದೆ! ಅವರೇ ಮುಂದುವರಿದು, “ತಣ್ಣೀರು ಸಾಲದಿದ್ದರೆ ಐಸು. ಬಂದರದಲ್ಲಿ ಐಸಿಗೆ ಬರವೇ?” ಎಂದರು.

ಲೆಕ್ಕ ಹಾಕಿ ನೋಡಿದೆವು. ಭೌತಶಾಸ್ತ್ರದ ಸಹೋದ್ಯೋಗಿ ನೆರವಾದರು. ಅಲ್ಯುಮಿನಿಯಂ ಒಂದು ಡಿಗ್ರಿ ತಣಿದರೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 23 ಭಾಗ ಕುಗ್ಗುತ್ತದೆ. ಕೂವೆಯ ವ್ಯಾಸ ಸುಮಾರು 64 ಮಿಲಿಮೀಟರು. 32 ಡಿಗ್ರಿಯಿಂದ 2 ಡಿಗ್ರಿಗೆ ಇಳಿಸಿದರೆ ಕುಗ್ಗುವುದು ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ. ಹುಡುಗಿಯ ಮುಖ ಬಾಡಿತು. ಆದರೆ ನಮಗೆ ಬೇಕಾದದ್ದು ಬಾಗಿಲಲ್ಲ, ಬಿರುಕು. ಇನ್ನೊಂದು ಅನುಕೂಲವೂ ಇತ್ತು: ಲೋಹದಲ್ಲಿ ತಂಪು ಕ್ಷಣದಲ್ಲಿ ಹರಡುತ್ತದೆ; ಫೈಬರ್‌ಗ್ಲಾಸಿಗೆ ಅದು ಮುಟ್ಟುವುದು ಬಹಳ ತಡವಾಗಿ. ಆ ತಡದ ಹೊತ್ತಿನಲ್ಲಿ ಕೆಲಸ ಮುಗಿಯಬೇಕು. ಐಸಿಗೆ ಉಪ್ಪು ಬೆರೆಸಿದರೆ ಇನ್ನೂ ತಣ್ಣಗಾಗುವುದೆಂದು, ಮೊದಲಿನ ಕಾಲದ ಐಸ್‌ಕ್ರೀಂ ಡಬ್ಬಿಯನ್ನು ನೆನೆದು, ಯಾರೋ ಸೂಚಿಸಿದರು. ಐದು ದಿನ ಉಪ್ಪನ್ನು ಹೊರಹಾಕಲು ಹೆಣಗಿದವರು ಆರನೆಯ ದಿನ ಅದನ್ನೇ ಒಳಗೆ ತುಂಬುವುದೇ? ಬೇಡವೆಂದೆವು.

ಆರನೆಯ ದಿನ ಬೆಳಿಗ್ಗೆ ತಾಂಡೇಲರು ಎರಡು ಹಗ್ಗಗಳನ್ನೂ ಎರಡು ಬಿದಿರ ಗಳುಗಳನ್ನೂ ತಂದರು. ಕೂವೆಗೆ ಒದ್ದೆಯ ಗೋಣಿತಟ್ಟನ್ನು ಸುತ್ತಿ, ಅದರ ಮೇಲೆ ಒಂದು ಹಗ್ಗವನ್ನು ಬಲಸುತ್ತಾಗಿ ಐದು ಸಲ, ಸ್ವಲ್ಪ ಮೇಲೆ ಇನ್ನೊಂದನ್ನು ಎಡಸುತ್ತಾಗಿ ಐದು ಸಲ ಬಿಗಿದರು. ಎರಡು ಹಗ್ಗಗಳ ತುದಿಯ ಕುಣಿಕೆಗೂ ಒಂದೊಂದು ಗಳು. ಗಳುವನ್ನು ನೂಕಿದಷ್ಟೂ ಸುತ್ತು ಬಿಗಿದು ಕೂವೆಯನ್ನು ಹಿಡಿಯುತ್ತದೆ. ಹಿಂದಕ್ಕೆ ಬಿಟ್ಟರೆ ಸಡಿಲುತ್ತದೆ. ಕೊಳವೆ ನಜ್ಜಾಗದು, ರಿವೆಟ್ಟಿಗೆ ನೋವಿಲ್ಲ. ಮೇಲಿನವನು ಎಡಕ್ಕೆ, ಕೆಳಗಿನವನು ಬಲಕ್ಕೆ, ಸರದಿಯ ಮೇಲೆ ನೂಕಬೇಕು. ಜಟ್ಟಿಯಂತಲ್ಲ, ತೊಟ್ಟಿಲು ತೂಗುವವರಂತೆ. ಹುಡುಗಿ ಪೆನ್ಸಿಲಿನಿಂದ ಕೂವೆಯ ಮೇಲೂ ಹಾಸಿನ ಮೇಲೂ ಒಂದೇ ನೇರಕ್ಕೆ ಗೆರೆಯೆಳೆದಳು. ಕಣ್ಣಿಗೆ ತೋರದ ಚಲನೆಯನ್ನು ಗೆರೆ ಹೇಳುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂದಿಗೆ ಸಾಬೂನುನೀರು ಹೊಯ್ದೆವು. ಅವಳು ಮೇಜಿನ ಮೇಲೆ ಹತ್ತಿ ನಿಂತು, ಕೂವೆಯ ತೆರೆದ ಬಾಯಿಯಿಂದ ಪುಡಿಮಾಡಿದ ಐಸನ್ನು ತುಂಬಿ, ಉದ್ದದ ಕೋಲಿನಿಂದ ತಳಕ್ಕೆ ಜಡಿದಳು. ತಾಯಿ ಪಕ್ಕದಲ್ಲಿ ನಿಂತು ಐಸಿನ ಪೆಟ್ಟಿಗೆಯನ್ನು ಎತ್ತಿಕೊಡುತ್ತಿದ್ದರು. ಹತ್ತು ನಿಮಿಷಗಳಲ್ಲಿ ಕೂವೆಯ ಬುಡ ಬೆವೆತಿತು. ತಾಂಡೇಲರು ಅಂಗೈಯಿಟ್ಟು ನೋಡಿ ತಲೆಯಾಡಿಸಿದರು. ಎಡ, ಬಲ, ಎಡ, ಬಲ. ಮೂವತ್ತು ಸಲವೋ ನಲವತ್ತು ಸಲವೋ ಆಗಿರಬೇಕು. ನಾನು ಗೆರೆಯನ್ನೇ ನೋಡುತ್ತಿದ್ದೆ. ಸದ್ದಿಲ್ಲ, ಸುಳಿವಿಲ್ಲ. ಆಮೇಲೆ ಮರದ ಗಾಣ ನರಳಿದಂತೆ ಕಿರ್ ಎಂಬೊಂದು ಸಣ್ಣ ಸ್ವರ. ಗೆರೆಯ ಎರಡು ತುಂಡುಗಳು ಅಕ್ಕಿಯ ಕಾಳಿನಷ್ಟು ಅಗಲಿದ್ದುವು.

ಹುಡುಗರು ಕೂಗಿ ಎಳೆಯಲು ನುಗ್ಗಿದರು. ತಾಂಡೇಲರು ಗದರಿಸಿ ಹಿಂದಕ್ಕೆ ಕಳಿಸಿದರು. ಕಾಳಿನಷ್ಟು ಅಗಲಿದ್ದು ಬೆರಳಿನಷ್ಟಾಗಲು ಅರ್ಧ ಗಂಟೆ ಹಿಡಿಯಿತು. ನಡುವೆ ಎರಡು ಸಲ ಐಸು ತುಂಬಿದ್ದಾಯಿತು. ಕಾಲುಸುತ್ತು ತಿರುಗಿದ ಮೇಲೆ ಒಳಗಿನ ಹಿಟ್ಟು ಪುಡಿಯಾಗಿ ಸಾಬೂನಿನೊಡನೆ ಉಕ್ಕಿ ಬಂತು. ಪೂರ್ತಿ ಸುತ್ತು ತಿರುಗತೊಡಗಿದಾಗ ಒಬ್ಬ ಮೆಲ್ಲನೆ ಮೇಲಕ್ಕೆ ಎತ್ತಿಹಿಡಿದ. ಒಂದು ಗೇಣು ಬಂದು ಮತ್ತೆ ನಿಂತಿತು. ಗುಣಿಯ ತಳ ಮುಚ್ಚಿದೆಯಲ್ಲ. ಒಳಗೆ ಗಾಳಿ ಹೋಗದೆ ಕೂವೆ ಮೇಲೆ ಬಾರದು. ಸಂದಿಗೆ ಇನ್ನಷ್ಟು ನೀರು ಹೊಯ್ದು ತಿರುಗಿಸುತ್ತಿದ್ದಂತೆ, ಬಾಟಲಿಯ ಬಿರಡೆ ಕಿತ್ತಂತೆ ಗುಳುಕ್ ಎಂದು ಸದ್ದು ಮಾಡಿ, ಕೂವೆ ಅವನ ಕೈಗೆ ಬಂತು.

ಗುಣಿಯೊಳಗಿದ್ದದ್ದು: ಎರಡು ಹಿಡಿ ಉಸುಬು, ಸುಣ್ಣದಂಥ ಬಿಳಿಯ ಚಕ್ಕೆ, ಮಡಚಿ ಮುದ್ದೆಯಾದ ಕಪ್ಪು ಪ್ಲಾಸ್ಟಿಕ್ ಟೇಪಿನ ಒಂದು ತುಂಡು. ಕೂವೆ ಗುಣಿಯಲ್ಲಿ ಅಲುಗಾಡಬಾರದೆಂದು ಹಿಂದಿನವರು ಸುತ್ತಿದ್ದು ಅದು. ಅದರ ಅಂಟಿಗೆ ಉಸುಬು ಮೆತ್ತಿ ಉಪ್ಪುಕಾಗದವಾಗಿತ್ತು. 1962ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಬಳಿ ಥೇಮ್ಸ್ ನದಿಯ ಕೆಸರಿನಲ್ಲಿ ರೋಮನರ ಕಾಲದ ದೋಣಿಯೊಂದು ಸಿಕ್ಕಿತು. ಅದರ ಕೂವೆಯ ಗುಣಿಯಲ್ಲಿ ಡೊಮಿಷಿಯನ್ ಚಕ್ರವರ್ತಿಯ ನಾಣ್ಯವಿತ್ತು. ಭಾಗ್ಯದೇವತೆಯ ಮುದ್ರೆಯನ್ನು ಮೇಲೆ ಮಾಡಿ ಇಟ್ಟಿದ್ದರು. ಕೂವೆ ನಿಲ್ಲಿಸುವ ಮೊದಲು ಗುಣಿಗೆ ಕಾಣಿಕೆ ಹಾಕುವ ಪದ್ಧತಿ ಅಂದಿನದು. ಈ ಕಥೆಯನ್ನು ಹೇಳಿದಾಗ ತಾಂಡೇಲರಿಗೆ ಅದು ಬಹಳ ಹಿಡಿಸಿತು. ಹುಡುಗಿ ಮಾತ್ರ, ನಾಣ್ಯವೂ ಲೋಹವೇ ಅಲ್ಲವೇ ಸರ್, ಉಪ್ಪುನೀರಿನಲ್ಲಿ ಅಲ್ಯುಮಿನಿಯಂ ಪಕ್ಕದಲ್ಲಿ ಇನ್ನೊಂದು ಲೋಹವನ್ನು ಇಡಬಾರದಲ್ಲವೇ, ಎಂದು ಕೇಳಿದಳು. ಅವಳು ಹೇಳಿದ್ದು ಸರಿ. ಎರಡು ಬಗೆಯ ಲೋಹಗಳು ಉಪ್ಪುನೀರಿನಲ್ಲಿ ಕೂಡಿದರೆ ಬ್ಯಾಟರಿಯಂತಾಗುತ್ತದೆ. ಅಲ್ಯುಮಿನಿಯಂ ಇನ್ನೂ ಬೇಗ ಕರಗುತ್ತದೆ. ರೋಮನರ ಕೂವೆ ಮರದ್ದು. ಅವರಿಗೆ ಆ ಚಿಂತೆಯಿರಲಿಲ್ಲ.

ಗೆದ್ದೆವೆಂದುಕೊಳ್ಳುವ ಮೊದಲು ಒಂದು ಪರೀಕ್ಷೆ ಬಾಕಿಯಿತ್ತು. ಮೊದಲ ದಿನದ ಆ ಚಟ್ ಸದ್ದನ್ನು ಅವಳು ಮರೆತಿರಲಿಲ್ಲ. ಗುಣಿಯ ಅಂಟು ಎಲ್ಲಾದರೂ ಬಿಟ್ಟಿದ್ದರೆ ದೋಣಿ ನೀರಿಗಿಳಿದ ಮೇಲೆ ಗೊತ್ತಾಗುವುದು ಬಹಳ ತಡವಾಗಿ. ಇಂಥ ದೋಣಿಯವರು ಮಾಡುವ ಸುಲಭದ ಪರೀಕ್ಷೆಯೊಂದುಂಟು: ದೋಣಿಯನ್ನು ಸಮವಾಗಿ ನಿಲ್ಲಿಸಿ, ಗುಣಿಗೆ ನೀರು ತುಂಬಿ, ಮಟ್ಟಕ್ಕೆ ಗುರುತು ಹಾಕಿ ಬಿಡುವುದು. ಇಳಿದರೆ ಸೋರಿಕೆ. ಸಂಜೆ ಆರಕ್ಕೆ ತುಂಬಿ ಗುರುತು ಹಾಕಿದಳು. ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವಳಿಗೆ ಹೇಗೋ ತಿಳಿಯದು. ಬೆಳಿಗ್ಗೆ ನಾನು ದಂಡೆಗೆ ಹೋಗುವಷ್ಟರಲ್ಲಿ ಅವಳು ಅಲ್ಲಿ ಮಂಡಿಯೂರಿ ಕುಳಿತು ಗುಣಿಯೊಳಗೆ ಟಾರ್ಚು ಬಿಡುತ್ತಿದ್ದಳು. ನೀರು ಗುರುತಿನಲ್ಲೇ ಇತ್ತು. ಮೇಲೆ ಗಾಳಿಮರದ ಒಂದು ಸೂಜಿ ತೇಲುತ್ತಿತ್ತು.

ಮೂರನೆಯ ದಿನ ದೋಣಿ ಟೆಂಪೊದ ಮೇಲೆ ಕವುಚಿ ಮಲಗಿ ಹೊರಟಿತು. ಕೂವೆಯ ಎರಡು ಕೊಳವೆಗಳನ್ನು ಗೋಣಿಯಲ್ಲಿ ಸುತ್ತಿ ಪಕ್ಕಕ್ಕೆ ಕಟ್ಟಿದ್ದರು. ಆಯ್ಕೆಯಲ್ಲಿ ಅವಳಿಗೆ ಮೊದಲ ಸ್ಥಾನಗಳೇನೂ ಬರಲಿಲ್ಲ. ಓಟಗಳೆಲ್ಲವನ್ನೂ ಮುಗಿಸಿ ಪಟ್ಟಿಯ ನಡುವೆ ಬಂದಳು, ಮುಂದಿನ ಶಿಬಿರಕ್ಕೆ ಕರೆ ಬಂತು.

ಅಂದಿನಿಂದ ನಮ್ಮ ದಂಡೆಯಲ್ಲಿ ಅವಳದೊಂದು ಶಾಸನ ನಡೆಯುತ್ತಿದೆ. ಸಂಜೆ ಯಾರೇ ದೋಣಿಯಿಂದಿಳಿದರೂ ಕೂವೆಯನ್ನು ಕಿತ್ತು, ಎರಡು ಕೊಳವೆಗಳನ್ನೂ ಬೇರ್ಪಡಿಸಿ, ಗುಣಿಗೊಂದು ಕೂವೆಗೊಂದು ಎಂದು ಎರಡು ಬಕೆಟ್ ಸಿಹಿನೀರು ಹೊಯ್ದಲ್ಲದೆ ಮನೆಗೆ ಹೋಗುವಂತಿಲ್ಲ. ಏಪ್ರಿಲ್ ತಿಂಗಳಲ್ಲಿ ಬಾವಿ ತಳ ಕಂಡಾಗ, ಕುಡಿಯುವ ನೀರನ್ನು ಕಂಬಕ್ಕೆ ಹೊಯ್ಯುವುದೇ ಎಂದು ತಾಂಡೇಲರು ಗೊಣಗಿದರು. ಒಂದೂವರೆ ಬಕೆಟ್ಟಿಗೆ ರಾಜಿಯಾಗಿದೆ.